ಹೆಬ್ಬೆರಳಿನ ಜಾಗ

ಪೆಯ್-ರು ಹೊಸ ಮನೆ ಕೊಂಡಳೆಂದು ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ. ಇದನ್ನು ಮುಚ್ಚಿಟ್ಟು ಏನಾಗಬೇಕು? ನನ್ನ ಕೈಕೆಳಗೆ ಕೆಲಸ ಕಲಿತವಳು ಅವಳು. ತೈಪೆಯ ನಮ್ಮ ಕಚೇರಿಗೆ ಅವಳು ಬಂದ ಹೊಸದರಲ್ಲಿ, ಪರದೆಯ ಮೇಲೆ ಬೆರಳಿಟ್ಟರೆ ಎಲ್ಲಿ ಏನಾಗಬೇಕು ಎಂಬುದನ್ನು ಮಕ್ಕಳಿಗೆ ಅಕ್ಷರ ತಿದ್ದಿಸಿದ ಹಾಗೆ ತಿದ್ದಿಸಿದವಳು ನಾನೇ, ಈ ಲೋ ಯಾ-ಫೆನ್. ನಾನು ಇನ್ನೂ ಬಾಡಿಗೆ ಮನೆಯಲ್ಲಿದ್ದೆ. ಅವಳು ಮನೆ ಕೊಂಡದ್ದು ಒಂದು ಆ್ಯಪ್‌ನ ದುಡ್ಡಿನಲ್ಲಿ. ಅದೂ ನಾನು ಮಾಡಿದಂಥದ್ದೇ ಆ್ಯಪ್.

ನಮ್ಮಿಬ್ಬರದೂ ಗುಂಪಿನಲ್ಲಿ ಹಾಡುವವರಿಗಾಗಿ ಮಾಡಿದ್ದು. ಹಾಡಿನ ಸಾಲುಗಳು, ಅದರ ಮೇಲೆ ಸ್ವರದ ಅಂಕಿಗಳು ಪರದೆಯ ಮೇಲೆ ಬರುತ್ತವೆ. ಪುಸ್ತಕದ ಹಾಗೆ ಹಿಡಿದುಕೊಂಡು ಹಾಡಿದರಾಯಿತು. ನಾನು ನೌಕರಿ ಬಿಟ್ಟು ಮೂರು ವರ್ಷ ಕೂತು, ಟ್ಯಾಬ್‌ಗೆಂದೇ ಮೊದಲ ಸಾಲಿನಿಂದ ಬರೆದೆ. ಎಡ ಅಂಚು ಮುಟ್ಟಿದರೆ ಹಿಂದಿನ ಪುಟ, ಬಲ ಅಂಚು ಮುಟ್ಟಿದರೆ ಮುಂದಿನ ಪುಟ, ಮುಟ್ಟಿ ಹಿಡಿದರೆ ಗುರುತು ಹಾಕಿಕೊಳ್ಳಲು ಪೆನ್ಸಿಲ್. ಒಂದು ಬೆರಳಗಲ ಜಾಗವನ್ನೂ ದಂಡ ಮಾಡಿರಲಿಲ್ಲ. ಪೆಯ್-ರು ಏನು ಮಾಡಿದಳು ಗೊತ್ತೇ? ಫೋನಿಗೆಂದು ಮಾಡಿಟ್ಟಿದ್ದುದನ್ನೇ ಎತ್ತಿ ಟ್ಯಾಬ್‌ಗೆ ತಂದು ಕೂರಿಸಿದಳು. ಪೋರ್ಟ್ ಮಾಡುವುದು ಎನ್ನುತ್ತೇವೆ ನಾವು. ಪುಟ ನಡುವೆ ಸಣ್ಣಗೆ ನಿಂತಿತ್ತು, ಎರಡೂ ಬದಿಯಲ್ಲಿ ಅಗಲವಾದ ಖಾಲಿ ಪಟ್ಟಿ. ಅಲ್ಲಿ ಮುಟ್ಟಿದರೆ ಏನೂ ಆಗುವುದಿಲ್ಲ. ಅದನ್ನು ತುಂಬಿಸುವಷ್ಟು ವ್ಯವಧಾನವೂ ಆ ಹುಡುಗಿಗೆ ಇರಲಿಲ್ಲ.

ಇನ್ನು ದುಡ್ಡಿನ ವಿಷಯ. ನನ್ನದನ್ನು ನಾಲ್ಕು ಡಬ್ಬಿ ಊಟದ ಬೆಲೆ ಕೊಟ್ಟು ಒಮ್ಮೆ ಕೊಂಡರೆ ಮುಗಿಯಿತು, ಸಾಯುವವರೆಗೂ ನಿಮ್ಮದೇ. ಮರ್ಯಾದಸ್ಥರ ವ್ಯಾಪಾರ ಅದು ಎಂದುಕೊಂಡಿದ್ದೆ. ಅವಳದು ಮೊದಲು ಪುಕ್ಕಟೆ, ಆಮೇಲೆ ತಿಂಗಳಿಗೆ ಒಂದು ಲೋಟ ಸೋಯಾ ಹಾಲಿನ ದುಡ್ಡು. ನಾಲ್ಕು ಡಬ್ಬಿ ಊಟಕ್ಕೆ ಜನ ನಾಲ್ಕು ಸಲ ಯೋಚಿಸುತ್ತಾರೆ. ಸೋಯಾ ಹಾಲಿಗೆ ಯಾರು ಯೋಚಿಸುತ್ತಾರೆ? ನನ್ನ ಗಿರಾಕಿ ಒಮ್ಮೆ ಬಂದು ಹೋದವನು ಮತ್ತೆ ಮುಖ ತೋರಿಸುತ್ತಿರಲಿಲ್ಲ, ಅವಳ ಗಿರಾಕಿ ತಿಂಗಳು ತಿಂಗಳೂ ಬಂದು ದುಡ್ಡು ಇಟ್ಟು ಹೋಗುತ್ತಿದ್ದ. ಹೊಸ ವರ್ಷದ ಹಬ್ಬದೊಳಗೆ ನನ್ನ ಆ್ಯಪ್ ಚೇತರಿಸಿಕೊಳ್ಳದಿದ್ದರೆ ಹಳೇ ಕಚೇರಿಗೇ ವಾಪಸ್ ಹೋಗಿ, ಬೆನ್ನ ಹಿಂದೆ ನಗುವ ಮ್ಯಾನೇಜರನ ಮುಂದೆ ಕೂರಬೇಕಿತ್ತು. ಅದನ್ನು ನೆನೆದರೇ ಮೈ ಉರಿಯುತ್ತಿತ್ತು.

ವರ್ಷದ ಹಿಂದೆ ನಮ್ಮ ಕಸುಬಿನವರ ಒಂದು ಸಭೆಯಲ್ಲಿ ಮಾತಾಡಲು ಕರೆದಿದ್ದರು. ಫೋನಿನ ಅಂಗಿಯನ್ನು ಟ್ಯಾಬ್‌ಗೆ ತೊಡಿಸಿ ಮಾರುವವರು ದರ್ಜಿಗಳೇ ಅಲ್ಲ ಎಂದೆ. ಎಲ್ಲರೂ ನಕ್ಕರು. ಎರಡನೇ ಸಾಲಿನಲ್ಲಿ ಕೂತಿದ್ದ ಪೆಯ್-ರು ಕೂಡ ನಕ್ಕಳು. ಅವಳು ನಕ್ಕಿದ್ದು ನನಗೆ ಹಿಡಿಸಲಿಲ್ಲ.

ಅಪ್ಪನ ತಂಗಿ, ನನ್ನ ಸೋದರತ್ತೆ, ತೈಪೆಯ ಪಕ್ಕದ ಬಾನ್‌ಚಿಯಾವ್‌ನಲ್ಲಿದ್ದಾರೆ. ತಲೆಗೂದಲು ಕತ್ತರಿಸುವ ಅಂಗಡಿ ಮುಚ್ಚಿದ ಮೇಲೆ ಬಡಾವಣೆಯ ಹಿರಿಯರ ಹಾಡಿನ ಗುಂಪಿಗೆ ಸೇರಿಕೊಂಡರು. ನಾನೇ ಟ್ಯಾಬ್ ಕೊಡಿಸಿ, ನನ್ನ ಆ್ಯಪ್ ಹಾಕಿ ಕೊಟ್ಟಿದ್ದೆ. ಸೋದರ ಸೊಸೆ ಮಾಡಿದ್ದು ಎಂದು ಎಲ್ಲರಿಗೂ ತೋರಿಸುತ್ತಾರೆ, ಆ ಗುಂಪಿನಿಂದ ಇನ್ನೊಂದು ಗುಂಪಿಗೆ ಹಬ್ಬುತ್ತದೆ ಎಂಬ ಆಸೆಯೂ ಇತ್ತು. ಒಂದು ಬೆಳಿಗ್ಗೆ ಈರುಳ್ಳಿ ಸೊಪ್ಪಿನ ರೊಟ್ಟಿ ಕಟ್ಟಿಸಿಕೊಂಡು ಅವರ ಅಭ್ಯಾಸ ನೋಡಲು ಹೋದೆ. ಬಾಗಿಲಿಗೆ ಬೆನ್ನು ಮಾಡಿ, ಮೂರು ಸಾಲಾಗಿ ನಿಂತು ಹಾಡುತ್ತಿದ್ದರು. ಅತ್ತೆಯ ಕೈಯಲ್ಲಿದ್ದ ಪರದೆಯ ಎರಡೂ ಬದಿಯಲ್ಲಿ ಖಾಲಿ ಪಟ್ಟಿ ಕಂಡಿತು. ಪಕ್ಕದವರದು ನೋಡಿದೆ, ಅದರ ಪಕ್ಕದವರದು ನೋಡಿದೆ. ಎಲ್ಲವೂ ಪೆಯ್-ರುವಿನದೇ.

ಅತ್ತೆ ತಿರುಗಿ ನನ್ನನ್ನು ನೋಡಿದ ತಕ್ಷಣ ಟ್ಯಾಬನ್ನು ಎದೆಗವಚಿಕೊಂಡರು. ಹಾಡು ನಿಂತ ಮೇಲೆ ನಾನು ಮುಖ ಊದಿಸಿಕೊಂಡೇ ಕೇಳಿದೆ, ನನ್ನದಕ್ಕೆ ಏನಾಗಿತ್ತು ಅಂತ. ರೊಟ್ಟಿಯ ಪೊಟ್ಟಣ ನನ್ನ ಕೈಯಲ್ಲೇ ತಣ್ಣಗಾಗುತ್ತಿತ್ತು.

“ನಿಂದು ಬಲು ಜಾಣತನದ್ದು ಕಣೇ,” ಎಂದರು ಅತ್ತೆ. “ಆದ್ರೆ ನಂಗೆ ಅಷ್ಟು ಜಾಣತನ ಬೇಡ. ಹಿಡ್ಕೊಂಡ್ರೆ ಸಾಕು ಪುಟ ಓಡ್ಹೋಗತ್ತೆ. ಉಸಿರೆಳ್ಕೊಳ್ಳೋ ಹೊತ್ತಿಗೆ ಮುಂದಿನ ಹಾಡು. ಇದ್ರಲ್ಲಿ ನೋಡು, ಹೆಬ್ಬೆರಳು ಇಡೋಕೆ ಜಾಗ ಇದೆ.”

ನೋಡಿದೆ. ಎಲ್ಲರೂ ಎರಡು ಕೈಯಲ್ಲಿ ಹಿಡಿದಿದ್ದರು, ಎಲ್ಲರ ಹೆಬ್ಬೆರಳುಗಳೂ ಆ ಖಾಲಿ ಪಟ್ಟಿಯ ಮೇಲೆ ನೆಮ್ಮದಿಯಾಗಿ ಕೂತಿದ್ದವು. ಮೂರು ವರ್ಷ ನಾನು ಟ್ಯಾಬನ್ನು ಮೇಜಿನ ಮೇಲಿಟ್ಟು ಒಂದೇ ತೋರುಬೆರಳಿನಿಂದ ಮುಟ್ಟಿ ನೋಡಿದ್ದೆ. ಪುಸ್ತಕದ ಹಾಗೆ ಹಿಡಿದು ನಿಂತು ಒಂದು ಹಾಡನ್ನಾದರೂ ಹಾಡಿರಲಿಲ್ಲ. ಹಾಗೆಂದು ಪೆಯ್-ರು ಹಾಡಿದ್ದಳೇ? ಅವಳದು ಬರೀ ಸೋಮಾರಿತನ. ಅವಳ ಸೋಮಾರಿತನಕ್ಕೆ ಮನೆ ಬಂತು, ನನ್ನ ಮೈಮುರಿದ ದುಡಿಮೆಗೆ ಚಿಪ್ಪು. ರೊಟ್ಟಿಯನ್ನು ಅತ್ತೆಯ ಕೈಗೆ ತುರುಕಿ, ಅವರು ಕರೆಯುತ್ತಿದ್ದರೂ ಕೇಳದವಳಂತೆ ಸ್ಕೂಟರ್ ಹತ್ತಿದೆ.

ಅದೇ ವಾರ ಪೆಯ್-ರು ಫೋನ್ ಮಾಡಿ ಊಟಕ್ಕೆ ಕರೆದಳು. ಹೋಗಬಾರದೆಂದುಕೊಂಡು ಹೋದೆ. ನಾವು ನೌಕರಿಯಲ್ಲಿದ್ದಾಗ ಹೋಗುತ್ತಿದ್ದ ದನದ ಮಾಂಸದ ನೂಡಲ್ಸ್ ಅಂಗಡಿ, ಗೋಡೆಯ ಪಕ್ಕದ ಅದೇ ಮೇಜು. ಅವಳು ನನ್ನ ಬಟ್ಟಲಿಗೆ ಉಪ್ಪಿನಕಾಯಿ ಸೊಪ್ಪು ಹಾಕಿದಳು, ನನಗೆ ಎಷ್ಟು ಬೇಕೆಂಬುದು ಇನ್ನೂ ನೆನಪಿತ್ತು. ಅದಕ್ಕೂ ಸಿಟ್ಟು ಬಂತು.

ಅವಳಿಗೆ ನನ್ನಿಂದ ಒಂದು ಸಲಹೆ ಬೇಕಿತ್ತು. ಆ್ಯಪನ್ನು ಟ್ಯಾಬ್‌ಗೆಂದೇ ಹೊಸದಾಗಿ ಬರೆಸಬೇಕೆಂದಿದ್ದಾಳಂತೆ. ಖಾಲಿ ಬದಿಗಳನ್ನು ನೋಡಿ ಕಸುಬಿನವರೆಲ್ಲ ಮೂಗು ಮುರಿಯುತ್ತಾರಂತೆ. ಈವರೆಗೆ ಕೂಡಿಟ್ಟದ್ದನ್ನೆಲ್ಲ ಅದಕ್ಕೇ ಹಾಕುತ್ತಾಳಂತೆ, ಮನೆಯ ಸಾಲದ ಕಂತು ಒಂದು ಕಡೆ ಇದ್ದರೂ.

“ದುಡ್ಡು ಬರ್ತಿದೆ ಅಕ್ಕಾ, ಮರ್ಯಾದೆ ಬರ್ತಿಲ್ಲ,” ಎಂದಳು. “ಅವತ್ತು ಸಭೇಲಿ ನೀವು ಅಂದ್ರಲ್ಲ, ಅಂಗಿ ಮಾತು. ಅದು ನಂಗೇ ಅಂತ ಗೊತ್ತಾಯ್ತು. ನಿಮ್ಮದು ತೆಗೆದು ನೋಡ್ದಾಗೆಲ್ಲ ಹೊಟ್ಟೆ ಉರಿಯತ್ತೆ. ನಿಮ್ಮ ಹಾಗೆ ಒಂದು ಮಾಡ್ಬೇಕು ಅಂತ.”

ಅವಳಿಗೂ ಹೊಟ್ಟೆ ಉರಿ! ಅದೂ ನನ್ನದನ್ನು ಕಂಡು. ಖುಷಿಯಾಗಬೇಕಿತ್ತು. ಆದರೆ ನನ್ನ ಕಣ್ಣ ಮುಂದೆ ಆ ಹೆಬ್ಬೆರಳುಗಳೇ ಇದ್ದವು. ಖಾಲಿ ಬದಿಗಳನ್ನು ತುಂಬಿಸಿದಳೆಂದರೆ ಅವಳ ಕಥೆ ಮುಗಿಯಿತು. ನಾನು ‘ಹೂಂ, ಮಾಡು’ ಎಂದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ನಾನೇನು ಅಷ್ಟು ಕೆಟ್ಟವಳಲ್ಲ. ಕೈ ತೊಳೆದು ಬರುತ್ತೇನೆಂದು ಎದ್ದೆ, ಹಾಗೇ ಗಲ್ಲಾದ ಹತ್ತಿರ ಹೋಗಿ ಊಟದ ದುಡ್ಡು ಕೊಡೋಣವೆಂದು. ಹಿರಿಯಳು ನಾನಲ್ಲವೇ? ಗಲ್ಲಾದವಳು ನಕ್ಕು, ಆ ತಂಗಿ ಒಳಗೆ ಬರುವಾಗಲೇ ಕೊಟ್ಟಾಯಿತು ಎಂದಳು.

ಪಿತ್ತ ನೆತ್ತಿಗೇರಿತು. ವಾಪಸ್ ಬಂದು ಚೀಲ ಎತ್ತಿಕೊಂಡು, ನಿಂತುಕೊಂಡೇ ಹೇಳಿದೆ.

“ಹೊಸದು ಗಿಸದು ಏನೂ ಬೇಡ. ಆ ಖಾಲಿ ಜಾಗಾನೇ ನಿಂಗೆ ಸರಿ. ಹಾಗೇ ಬಿಟ್ಟಿರು.”

“ನನ್ನ ಕೈಲಿ ಆಗಲ್ಲ ಅಂತಲಾ ಅಕ್ಕಾ?”

“ನಾನು ಹೇಳಿದ್ದು ಹೇಳಿದೆ. ಆಮೇಲೆ ನನ್ನನ್ನ ಅನ್ಬೇಡ.”

ಅವಳ ಮುಖ ಸಣ್ಣದಾಯಿತು. ಬಟ್ಟಲಿನಲ್ಲಿ ಉಳಿದಿದ್ದ ಸಾರನ್ನು ಊಟದ ಕಡ್ಡಿಯಿಂದ ಕಲಕುತ್ತಾ ಕೂತಳು. ನಾನು ಸತ್ಯವನ್ನೇ ಹೇಳಿದ್ದೆ, ಒಂದಕ್ಷರ ಸುಳ್ಳಿರಲಿಲ್ಲ. ಅಂಗಡಿಯಿಂದ ಹೊರಗೆ ಬರುವಾಗ ಮನಸ್ಸು ಹಗುರವಾಗಿತ್ತು.

ಮನೆಗೆ ಬಂದವಳೇ ನನ್ನ ಆ್ಯಪನ್ನು ತೆರೆದು ಕೂತೆ. ಎರಡೂ ಬದಿಯಲ್ಲಿ ಬೆರಳು ಕೂರುವಷ್ಟು ಜಾಗ ಬಿಟ್ಟು, ಅಲ್ಲಿ ಮುಟ್ಟಿದರೆ ಏನೂ ಆಗದ ಹಾಗೆ ಮಾಡಿದೆ. ಮೂರು ವರ್ಷದ ಬುದ್ಧಿಯನ್ನು ಅಳಿಸಿಹಾಕಲು ಒಂದು ಮಧ್ಯಾಹ್ನ ಸಾಕಾಯಿತು. ಒಮ್ಮೆ ಕೊಳ್ಳುವ ಬೆಲೆಯನ್ನೂ ತೆಗೆದು ಸೋಯಾ ಹಾಲಿನ ಲೆಕ್ಕಕ್ಕೆ ಇಳಿದೆ. ಮರ್ಯಾದಸ್ಥರ ವ್ಯಾಪಾರ ನನಗೆ ಸಾಕಾಗಿತ್ತು.

ಶರತ್ಕಾಲದಲ್ಲಿ ಪೆಯ್-ರುವಿನ ಹೊಸದು ಬಂತು. ತೆರೆದು ನೋಡಿದವಳಿಗೆ ಉಸಿರು ಕಟ್ಟಿತು. ಪುಟ ಅಂಚಿನಿಂದ ಅಂಚಿಗೆ ಹರಡಿಕೊಂಡಿತ್ತು, ಬದಿ ಮುಟ್ಟಿದರೆ ಸ್ವರ ನುಡಿಯುತ್ತಿತ್ತು, ಪುಟ ತಿರುಗುವಾಗ ಕಾಗದದ ಮಡಿಕೆ ಕೂಡ ಕಾಣುತ್ತಿತ್ತು. ನನ್ನದಕ್ಕಿಂತ ಎಷ್ಟೋ ಚಂದ. ಅದು ನನ್ನ ಕೈಯಿಂದ ಯಾಕೆ ಬರಲಿಲ್ಲ ಎಂದು ಎರಡು ದಿನ ಅದನ್ನೇ ಮತ್ತೆ ಮತ್ತೆ ತೆರೆದು ನೋಡಿದೆ. ಅದು ಮುಳುಗುತ್ತದೆಂದು ನನಗೆ ಖಂಡಿತ ಗೊತ್ತಿದ್ದರೂ ಹೊಟ್ಟೆಯ ಕಿಚ್ಚು ಆರಲಿಲ್ಲ.

ಮುಳುಗಿತು. ತಿಂಗಳ ದುಡ್ಡಿನ ಗುಣವೇ ಅದು, ಒಮ್ಮೆಗೇ ಕೊಂಡವರಿಗಾದರೆ ಕೊಟ್ಟ ದುಡ್ಡಿನ ಮೋಹಕ್ಕೆ ಸಹಿಸಿಕೊಳ್ಳುವ ಮನಸ್ಸಿರುತ್ತದೆ, ಸೋಯಾ ಹಾಲಿನವರು ಪಕ್ಕದ ಅಂಗಡಿಗೆ ಹೋಗಿಬಿಡುತ್ತಾರೆ. ಪಕ್ಕದ ಅಂಗಡಿ ನನ್ನದಾಗಿತ್ತು. ಮೊದಲು ಅತ್ತೆಯ ಗುಂಪು ಬಂತು, ಆಮೇಲೆ ಅವರ ಬಡಾವಣೆಯ ಗುಂಪುಗಳೆಲ್ಲ ಬಂದವು. “ಈಗ ಬುದ್ಧಿ ಕಲಿತೆ ನೋಡು,” ಎಂದು ಅತ್ತೆ ಬೆನ್ನು ತಟ್ಟಿದರು. ಹಳೇ ಕಚೇರಿಗೆ ಹೋಗುವ ಮಾತು ನನ್ನ ಮಟ್ಟಿಗೆ ಮುಗಿಯಿತು. ಹಬ್ಬ ಹತ್ತಿರ ಬರುವಾಗ ಗೊತ್ತಾಯಿತು, ಆ ಮ್ಯಾನೇಜರನ ಮುಂದೆ ಪೆಯ್-ರು ಹೋಗಿ ಕೂತಿದ್ದಾಳೆ. ಮನೆಯನ್ನು ಮಾರಲು ಇಟ್ಟಿದ್ದಳಂತೆ.

ಹಬ್ಬಕ್ಕೆ ಮೊದಲು ಅತ್ತೆಯ ಗುಂಪಿನ ಹಾಡಿನ ಕಾರ್ಯಕ್ರಮವಿತ್ತು. ಮುಂದಿನ ಸಾಲಿನಲ್ಲೇ ಕೂತೆ, ಈಗ ಯಾರ ಭಯ? ಹಾಡು ಶುರುವಾಗುವ ಹೊತ್ತಿಗೆ ಪಕ್ಕದ ಕುರ್ಚಿಗೆ ಯಾರೋ ಬಂದರು. ನೋಡಿದರೆ ಪೆಯ್-ರು. ಕಚೇರಿಯ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಜನ ಯಾಕೆ ಬಿಟ್ಟುಹೋದರೆಂದು ಗೊತ್ತೇ ಆಗಲಿಲ್ಲ, ಅವರು ಹಾಡುವುದನ್ನು ಒಮ್ಮೆ ನೋಡೋಣವೆಂದು ಬಂದೆ ಎಂದಳು. ನಾನು ವೇದಿಕೆಯ ಕಡೆ ತಿರುಗಿದೆ.

ಎರಡು ಹಾಡು ಮುಗಿದವು. ಮೂರನೆಯದರ ನಡುವೆ ಅವಳು ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು, ಇಲ್ಲದ ಟ್ಯಾಬನ್ನು ಹಿಡಿದವಳಂತೆ ಹೆಬ್ಬೆರಳುಗಳನ್ನು ಒಳಗೆ ಮಡಚಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ.

“ನಾನು ಹೇಳಿದ್ದೆ. ಖಾಲಿ ಜಾಗಾನೇ ಸರಿ, ಬಿಟ್ಟಿರು ಅಂತ. ಹೇಳ್ಲಿಲ್ವಾ?”

“ಹೇಳಿದ್ರಿ ಅಕ್ಕಾ.”

“ಮತ್ತೆ?”

“ಹೆಬ್ಬೆರಳು ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು.”

ಮುಂದೆ ಅತ್ತೆ ಕಣ್ಣು ಮುಚ್ಚಿಕೊಂಡು ಎತ್ತರದ ಸ್ವರಕ್ಕೆ ಹೋಗುತ್ತಿದ್ದರು, ಪುಟ ಓಡಿಹೋಗುವ ಭಯವಿಲ್ಲದೆ. ಹಾಡು ಮುಗಿದಾಗ ಪೆಯ್-ರು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ನನ್ನ ಕಿವಿಯ ಹತ್ತಿರ ಬಗ್ಗಿ, “ಚೆನ್ನಾಗಿ ಬಂದಿದೆ ಅಕ್ಕಾ ನಿಮ್ಮದು. ನಿಜವಾಗ್ಲೂ,” ಎಂದು ಹೇಳಿ ಹೋದಳು.

ಅವಳ ಹೊಸ ಆ್ಯಪನ್ನು ನೋಡಿ ನನ್ನ ಉಸಿರು ಕಟ್ಟಿದ್ದನ್ನು ಇವತ್ತಿಗೂ ನಾನು ಅವಳಿಗೆ ಹೇಳಿಲ್ಲ. ಮೆಚ್ಚುಗೆಯ ಮಾತು ಅವಳಿಗೆ ಅಷ್ಟು ಸಲೀಸಾಗಿ ಬಾಯಿಗೆ ಬಂತಲ್ಲ ಎಂದು ಅಲ್ಲೇ ಕುರ್ಚಿಯಲ್ಲಿ ಕೂತು ಮತ್ತೆ ಹೊಟ್ಟೆ ಉರಿದುಕೊಂಡೆ.