ಮೂರನೇ ವರ್ಷದ ಹಣ್ಣು

ಕೊಡಲಿಯ ಏಟು ಹಿತ್ತಿಲ ಕಡೆಯಿಂದ ಬೀಳುತ್ತಿತ್ತು. ಗಂಡನ ಹೆಣದ ತಲೆದೆಸೆಯಲ್ಲಿ ಕೂತಿದ್ದ ಕದಿರಮ್ಮ ಕತ್ತೆತ್ತಿದಳು.

“ಯಾವ ಮರಾನೇ ಕಡೀತಿರೋದು?”

“ನೀನೇ ಹೇಳಿದ್ದಲ್ಲಕ್ಕಾ,” ಎಂದಳು ಪಕ್ಕದ ಮನೆಯ ದೊಡ್ಡಗಂಗಮ್ಮ. “ಕಸಿ ಮರ ಮುಟ್ಬೇಡ, ವಾಟೆ ಮರ ಕಡ್ಕೋ ಅಂತ.”

ಹೌದು, ಹೇಳಿದ್ದಳು. ಚಿತೆಗೆ ಮಾವೇ ಆಗಬೇಕು. ಫಸಲು ಕೊಡುವ ಕಸಿ ಮರ ಯಾರೂ ಕಡಿಯುವುದಿಲ್ಲ. ವಾಟೆ, ಅಂದರೆ ಗೊರಟು, ಬಿದ್ದು ತಾನಾಗಿ ಹುಟ್ಟಿದ ಮರಕ್ಕೇ ಕೊಡಲಿ. ಬೆಳಿಗ್ಗೆ ಮೈದುನನ ಮಗ ಕದಿರೇಶ ಕೇಳಿದಾಗ, ಅಳುತ್ತಲೇ, ಎಲ್ಲರೂ ಹೇಳುವ ಮಾತನ್ನು ಹೇಳಿಬಿಟ್ಟಿದ್ದಳು. ಮನೆಗೆ ಇದ್ದ ವಾಟೆ ಮರ, ಹಿತ್ತಿಲಲ್ಲಿ ಗಂಡ ಕಾಯ್ದುಕೊಂಡಿದ್ದ ಅದೊಂದೇ.

“ನಿಲ್ಸು ಅನ್ನೇ! ಓಡು!”

ಹೆಣ ಎತ್ತುವ ತನಕ ಹೆಂಡತಿ ಏಳುವಂತಿಲ್ಲ. ದೊಡ್ಡಗಂಗಮ್ಮ ಹೊಸಿಲು ದಾಟುವಷ್ಟರಲ್ಲಿ ಟ್ರ್ಯಾಕ್ಟರ್ ಗುಡುಗಿತು. ಮರ ಉರುಳಿದ ಅದುರು ನೆಲದಲ್ಲೇ ಬಂತು.

*

ಕದಿರಮ್ಮನ ಗಂಡ ದೊಡ್ಡವೆಂಕಟಪ್ಪ ಶ್ರೀನಿವಾಸಪುರದ ಕಡೆಯ ಹಣ್ಣಿನ ಫಾರಂನಲ್ಲಿ ಮೂವತ್ತು ವರ್ಷ ಕೂಲಿಯಾಳು. ತಳಿತಳಿಯ ಮಾವು ತೂಗಿ, ಹೋಳು ಮಾಡಿ ಇಡುವುದು ಅವನ ಕೆಲಸ. ತಿಂದು ಅಂಕ ಹಾಕುವವರು ಆಫೀಸರುಗಳು. ಮನೆಯಲ್ಲಿ ಮಾತ್ರ ಅವನೇ ಆಫೀಸರು; ಹಿತ್ತಿಲ ವಾಟೆ ಮರದ ಹಣ್ಣು ಕೊಯ್ದು ಹೆಂಡತಿಯ ಮುಂದಿಡುತ್ತಿದ್ದ.

“ಬಾಯಿ ಮುಕ್ಕಳಿಸಿ ತಿನ್ನೇ. ವಾಟೆ ಹತ್ರ ಹುಳಿ ಐತಾ?”

“ಇಲ್ಲ ಕಣಯ್ಯ.”

“ನಾರು?”

“ಹಲ್ಲಿಗೇ ಸಿಕ್ಕಲ್ಲ. ಸಾಕು ಬಿಡು, ನಿನ್ ಪರೀಕ್ಷೇಲಿ ನನ್ ಹೊಟ್ಟೆ ಕೆಡ್ತದೆ.”

“ಹನ್ನೆರಡು ದಿನ ಇಟ್ರೂ ಕೊಳೆತಿಲ್ಲ ಕಣೇ!”

ಎರಡು ವರ್ಷ ಅವನು ಒಯ್ದ ಆ ಹಣ್ಣು ಫಾರಂನಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ತೆಗೆದಿತ್ತು. ಮೂರನೇ ವರ್ಷವೂ ಅದೇ ರುಚಿ ಬಂದರೆ ಕಸಿ ಕಟ್ಟಿ ಊರೂರಿಗೆ ಹಂಚುತ್ತೇವೆ ಎಂದಿದ್ದರು ಆಫೀಸರುಗಳು. ಅಲ್ಲಿಯವರೆಗೆ ಕಸಿಗೆಂದು ಒಂದು ಕಡ್ಡಿಯನ್ನೂ ಅವನು ಯಾರಿಗೂ ಮುರಿದುಕೊಟ್ಟಿರಲಿಲ್ಲ. ಈ ಸಲದ ಕಾಯಿ ಬಲಿಯಲು ಇನ್ನು ಹದಿನೈದು ದಿನ ಬೇಕಿತ್ತು.

*

ಫಾರಂನಲ್ಲಿ ಜೊತೆಗೆ ದುಡಿದ ಚನ್ನರಾಯಪ್ಪ ಹಾರ ಹಿಡಿದು ಬಂದವನು ಹಿತ್ತಿಲು ನೋಡಿ ಬಂದು ಕೂತ.

“ಅಣ್ಣಾ, ಬುಡ ಚಿಗುರಲ್ವಾ?” ಎಂದಳು ಕದಿರಮ್ಮ.

“ಬೇರು ಕಡಿದು, ಹಗ್ಗ ಹಾಕಿ ಬುಡಾನೇ ಕಿತ್ತವ್ರಮ್ಮ.”

“ಕಡ್ಡಿ ತಗೊಂಡು ಕಸಿ ಕಟ್ಟಣ್ಣಾ. ನಿಂಗೆ ಬರ್ತದಲ್ಲ.”

“ಮೊದ್ಲೇ ಕಡ್ಡಿ ಎಲೆ ಸವರಿ, ಮೊಗ್ಗು ಉಬ್ಬೋಕೆ ಹತ್ತು ದಿನ ಮರದಲ್ಲೇ ಬಿಡ್ಬೇಕಿತ್ತು.” ಅವನು ಹೆಣದ ಕಡೆ ನೋಡಲಿಲ್ಲ. “ಕಟ್ತೀನಿ. ಆದ್ರೆ ಹಿಡಿಯಲ್ಲಮ್ಮ.”

ಬಾಗಿಲಲ್ಲಿ ಕದಿರೇಶ ಬೆವರು ಒರೆಸಿಕೊಂಡ. “ನೀನೇ ಹೇಳ್ದಲ್ಲ, ದೊಡ್ಡಮ್ಮ…”

“ಹೂಂ ಕಣಪ್ಪ. ನಾನೇ ಹೇಳ್ದೆ.”

ಹೆಣ ಹೋದ ಮೇಲೆ ಕದಿರಮ್ಮ ಹಿತ್ತಿಲಿಗೆ ಬಂದಳು. ಗುಂಡಿಯ ಸುತ್ತ ಬಲಿಯದ ಕಾಯಿಗಳು ಚೆಲ್ಲಿದ್ದವು.

“ಸುಮ್ನೆ ಹಾಳಾಗ್ತವೆ ಅಕ್ಕಾ,” ಎಂದಳು ದೊಡ್ಡಗಂಗಮ್ಮ, ಮೆಲ್ಲಗೆ. “ಉಪ್ಪಿನಕಾಯಿಗೆ ಆಯ್ಕೊಳ್ಲಾ?”

ಕದಿರಮ್ಮ ಹೂಂ ಅಂದಳು. ದೊಡ್ಡಗಂಗಮ್ಮ ಬಗ್ಗಿ ಬಗ್ಗಿ ಸೆರಗಿಗೆ ತುಂಬಿಕೊಂಡಳು. ತೊಟ್ಟುಗಳಿಂದ ಇನ್ನೂ ಸೊನೆ ಜಿನುಗಿ, ಸೀರೆಯ ಮೇಲೆ ಕಲೆ ಹರಡುತ್ತಿತ್ತು.