ಅತ್ತೆ ಬದುಕಿಸಿದವರು

ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಸೊಸೆ ಏನೋ ಹೇಳಿದಳು. ಅತ್ತೆಗೆ ಒಂದಕ್ಷರವೂ ತಿಳಿಯಲಿಲ್ಲ. ಸೊಸೆ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು ಮತ್ತೆ ಹೇಳಿದಳು.

"ನಮ್ಮ ಪುಸ್ತಕ ಸಿನಿಮಾ ಆಗಿದೆ ಅತ್ತೆ. ಶನಿವಾರ ಮ್ಯಾಟಿನಿಗೆ ಮೂರು ಟಿಕೆಟ್ ತಗೊಂಡಿದೀನಿ."

ನಮ್ಮ ಪುಸ್ತಕ ಎಂದರೆ ಯಾವುದು ಎಂದು ಕೇಳಬೇಕಾಗಿರಲಿಲ್ಲ. ಊರಿಗೆ ನೀರು ಬಿಡುತ್ತಿದ್ದ ಪಾಳು ಕಟ್ಟಡ, ಅದರ ನೆಲಮಾಳಿಗೆಯಲ್ಲೊಂದು ತೊಟ್ಟಿ, ತೊಟ್ಟಿಯ ತಳದಿಂದ ಬೇಕಾದವರ ದನಿಯಲ್ಲೇ ಕರೆಯುವ ಏನೋ ಒಂದು, ಆ ಕರೆಗೆ ಓಗೊಟ್ಟು ಮೆಟ್ಟಿಲಿಳಿಯುವ ಕಾವಲುಗಾರನ ಮಗಳು. ಹದಿನೆಂಟು ವರ್ಷಗಳಲ್ಲಿ ಅತ್ತೆ ಅದನ್ನು ಸೊಸೆಗೆ ಏಳು ಸಲ ಗಟ್ಟಿಯಾಗಿ ಓದಿ ಹೇಳಿದ್ದಳು.

"ಮೂರನೇದು ಯಾರಿಗೆ?"

"ನಿಮ್ಮ ಮೊಮ್ಮಗಳಿಗೆ. ಹಾಸ್ಟೆಲಿಂದ ಸೀದಾ ಥಿಯೇಟರಿಗೆ ಬರ್ತಾಳಂತೆ. ಅಷ್ಟರೊಳಗೆ ಓದಿ ಮುಗಿಸ್ಬೇಕು ಅಂತ ಕಾಲೇಜ್ ಲೈಬ್ರರಿಯಿಂದ ಪುಸ್ತಕ ತಂದಿದಾಳೆ. ಅರ್ಧ ಆಯ್ತಂತೆ."

ಅರ್ಧ ಎಂದರೆ ಎಷ್ಟನೇ ಪುಟ ಎಂದು ಅತ್ತೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಮನೆಯ ಮುಂದಿನ ಕೋಣೆಯೇ ಸೊಸೆಯ ಹೊಲಿಗೆ ಅಂಗಡಿ. ಬೆಳಿಗ್ಗೆಯೆಲ್ಲ ಮಿಷನ್ ಕೆಲಸ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕೈಕೆಲಸ: ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಅಂಚು ಮಡಿಸುವುದು. ಆ ಎರಡು ಗಂಟೆ ಅತ್ತೆಯ ಓದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಯಾರು ಎಷ್ಟು ಬೈದರೂ ಏರದೆ ಇಳಿಯದೆ ಉತ್ತರ ಕೊಟ್ಟ ದನಿ ಅವಳದು. ರಕ್ತ ಹರಿಯುವ ಕಡೆಯೂ ಅದೇ ದನಿಯಲ್ಲಿ ಓದಿದರೆ ಕೇಳುವವರಿಗೆ ಇನ್ನಷ್ಟು ನಡುಕ. ಬೇರೆ ಮನೆಗಳಲ್ಲಿ ಅತ್ತೆಯರೇ ದೆವ್ವವಾಗಿ ಕಾಡುತ್ತಿದ್ದಾಗ ಈ ಅತ್ತೆ ದೆವ್ವಗಳನ್ನೆಲ್ಲ ಪುಸ್ತಕದೊಳಗೇ ಇಟ್ಟಿದ್ದಳು. ಲಾರಿ ಓಡಿಸುವ ಮಗ ತಿಂಗಳಿಗೆ ಹತ್ತು ದಿನ ಮನೆಗೆ ಬಂದರೆ, "ನಿಮ್ಮಿಬ್ಬರ ಮಧ್ಯೆ ನಾನೇ ಪರದೇಶಿ" ಎಂದು ನಗುತ್ತಿದ್ದ.

ಮಗನಿಗೂ ಸೊಸೆಗೂ ತಿಳಿಯದ ಗುಟ್ಟು ಅತ್ತೆಯಲ್ಲಿ ಒಂದಿತ್ತು. ಆ ಪುಸ್ತಕವನ್ನು ಮೊದಲ ಸಲ ಓದಿದಾಗ ಸೊಸೆಗೆ ಏಳು ತಿಂಗಳು. ಹಿಂದೆ ಒಂದು ನಿಂತಿರಲಿಲ್ಲವಾದ್ದರಿಂದ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದರು. ಬೇಸರ ಕಳೆಯಲಿ ಎಂದು ಅತ್ತೆ ಓದತೊಡಗಿದ್ದು. ಪುಸ್ತಕದಲ್ಲಿ ಹುಡುಗಿ ತೊಟ್ಟಿಗೆ ಇಳಿಯುತ್ತಾಳೆ, ಮೇಲೆ ಬರುವುದಿಲ್ಲ. ಆ ಪುಟಕ್ಕೆ ಬಂದಾಗ ಅತ್ತೆ ತಲೆಯೆತ್ತಿ ನೋಡಿದಳು. ಸೊಸೆ ಎಡಮಗ್ಗುಲಾಗಿ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ರೆಪ್ಪೆ ಬಡಿಯದೆ ಕೇಳುತ್ತಿದ್ದಳು. ಅತ್ತೆ ಒಂದು ಗುಟುಕು ನೀರು ಕುಡಿದು, ಪುಟದಲ್ಲಿ ಇಲ್ಲದ್ದನ್ನು ಓದಿದಳು. ಹುಡುಗಿ ಬದುಕಿ ಬಂದಳು. ಎರಡು ತಿಂಗಳಿಗೆ ಮಗುವಾಯಿತು, ಹೆಣ್ಣು. ಅಷ್ಟು ದೊಡ್ಡ ಗಂಡಾಂತರದಿಂದ ಪಾರಾಗಿ ಬಂದವಳ ಹೆಸರೇ ಇರಲಿ ಎಂದು ಸೊಸೆ ಹಟ ಹಿಡಿದು ಮಗಳಿಗೆ ಅದನ್ನೇ ಇಟ್ಟಳು.

ಒಂದು ಸುಳ್ಳಿನ ಹಿಂದೆ ಹತ್ತು ಸುಳ್ಳು ಎನ್ನುವುದು ಅತ್ತೆಯ ಮಟ್ಟಿಗೆ ನೂರಕ್ಕೆ ನೂರು ನಿಜವಾಯಿತು. ಆಮೇಲೆ ಯಾವ ಕಾದಂಬರಿಯಲ್ಲೂ ಅವಳ ಕೈಯಲ್ಲಿ ಯಾರೂ ಸಾಯಲಿಲ್ಲ. ಅಂತರಿಕ್ಷ ನೌಕೆಯ ಅಡುಗೆಯವನ ಕಾದಂಬರಿ ಸಿನಿಮಾ ಆದಾಗ ಅಡುಗೆಯವನು ಸತ್ತಿದ್ದನ್ನು ಕಂಡು ಸೊಸೆ ಮನೆ ಮುಟ್ಟುವವರೆಗೂ ಕಿಡಿಕಾರಿದ್ದಳು. "ಪುಸ್ತಕದಲ್ಲಿ ಗುಂಡುಕಲ್ಲಿನ ಹಾಗಿದ್ದವನನ್ನ ಕೊಂದುಬಿಟ್ರಲ್ಲ." "ಸಿನಿಮಾದವರಿಗೇನು ಗೊತ್ತು" ಎಂದು ಅತ್ತೆ ನಾಚಿಕೆಯಿಲ್ಲದೆ ಹೂಂಗುಟ್ಟಿದ್ದಳು. ಈ ಸಲವೂ ತಪ್ಪನ್ನು ಸಿನಿಮಾದವರ ತಲೆಗೆ ಕಟ್ಟಬಹುದಿತ್ತು. ಆದರೆ ಮೊಮ್ಮಗಳ ಕೈಯಲ್ಲಿ ಪುಸ್ತಕವೇ ಇತ್ತಲ್ಲ.

ಗುರುವಾರ ಮಧ್ಯಾಹ್ನ ಸೊಸೆ ಯಾರದೋ ಬಿಳಿ ಕೋಟಿಗೆ ಕಾಜಾ ಹಾಕುತ್ತಾ ಕೂತಿದ್ದಳು. ಅತ್ತೆ ಪುಸ್ತಕ ತೆರೆಯಲಿಲ್ಲ.

"ಒಂದು ಮಾತು ಹೇಳ್ಬೇಕಿತ್ತು ಕಣೇ. ಆ ಹುಡುಗಿ ಮೇಲೆ ಬರಲ್ಲ."

"ಯಾವ ಹುಡುಗಿ?"

"ನಮ್ಮ ಪುಸ್ತಕದವಳು. ತೊಟ್ಟೀಲೇ ಹೋಗ್ತಾಳೆ. ಬಂದ್ಲು ಅಂತ ಓದಿದ್ದು ನಾನು, ನನ್ನ ಬಾಯಿಂದ."

ಸೊಸೆಯ ಸೂಜಿ ಬಟ್ಟೆಯಲ್ಲೇ ನಿಂತಿತು. "ಆ ಅಡುಗೆಯವನು?"

"ಸತ್ತ."

"ಹಾಳು ಬಂಗಲೆಯ ಅವಳಿಗಳು?"

"ಒಬ್ಬಳು ಉಳೀತಾಳೆ."

"ಮಂಗಳ ಗ್ರಹದ ನಾಯಿ?"

"ಅದು ನಿಜವಾಗ್ಲೂ ಬದುಕುತ್ತೆ. ಅದರಲ್ಲಿ ನನ್ನ ಕೈವಾಡ ಏನೂ ಇಲ್ಲ."

ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸೊಸೆ ನಗಲಿಲ್ಲ.

"ಹೆಸರಿಡೋವಾಗ ತೊಟ್ಟಿಲ ಪಕ್ಕದಲ್ಲೇ ನಿಂತಿದ್ರಿ ನೀವು. ಸತ್ತವಳ ಹೆಸರು ಅಂತ ಗೊತ್ತಿದ್ದೂ ಸುಮ್ಮನಿದ್ರಾ?"

"ಇದ್ದೆ. ಆವತ್ತು ನೀನು ಅಷ್ಟು ನಗ್ತಾ ಇದ್ದೆ. ನಂಗೆ ಬಾಯಿ ಬರಲಿಲ್ಲ."

ಸೊಸೆ ಕೋಟನ್ನು ಮಡಿಸಿಟ್ಟು ಎದ್ದಳು. ಆ ಹೊತ್ತಿನಲ್ಲಿ ಎಂದೂ ಮುಟ್ಟದ ಮಿಷನ್ ಮುಂದೆ ಕೂತು ದಿಂಬಿನ ಚೀಲಗಳನ್ನು ಹೊಲಿಯತೊಡಗಿದಳು. ಐದು ಗಂಟೆಯವರೆಗೂ ಹೊಲಿದಳು.

ಶುಕ್ರವಾರ ಊಟ ಹೊತ್ತಿಗೆ ಸರಿಯಾಗಿ ಬಂತು, ಅತ್ತೆಯ ಮಾತ್ರೆಯೂ ಬಂತು. ಮಾತಿಗೆ ಮಾತ್ರ ಬರ. ಎರಡು ಗಂಟೆಗೆ ಅತ್ತೆ ಕನ್ನಡಕ ಏರಿಸಿಕೊಂಡು ಕಾದಳು. ಸೊಸೆ ಗುಂಡಿಯ ಡಬ್ಬಿ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಅಲ್ಲಿಂದ ಮಗಳ ಜೊತೆ ಫೋನಿನಲ್ಲಿ ಸಣ್ಣ ದನಿಯಲ್ಲಿ ಮಾತಾಡುವುದು ಕೇಳಿಸಿತು. ಅತ್ತೆಗೆ ದುಃಖ ಒತ್ತರಿಸಿ ಬಂತು. ಗಂಡ ಹೋದ ಮೇಲೆ ಅವಳ ದಿನಕ್ಕೆ ಇದ್ದದ್ದು ಆ ಎರಡು ಗಂಟೆಯೇ. ಇನ್ನು ಮೇಲೆ ತಾನು ಓದಿದ್ದನ್ನು ಇವಳು ನಂಬುವುದಾದರೂ ಹೇಗೆ? ನಂಬದವರಿಗೆ ದೆವ್ವದ ಕಥೆ ಹೇಳಿ ಏನು ಪ್ರಯೋಜನ?

ಶನಿವಾರ ಊಟವಾದ ಮೇಲೆ ಸೊಸೆ ಚಪ್ಪಲಿ ಮೆಟ್ಟಿಕೊಂಡು, "ಹೊರಡಿ" ಎಂದಳು. ಎರಡು ದಿನಕ್ಕೆ ಅದೊಂದೇ ಮಾತು.

ಥಿಯೇಟರಿನ ಬಾಗಿಲಲ್ಲಿ ಮೊಮ್ಮಗಳು ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದಳು. ಬಂದವಳೇ ಅಜ್ಜಿಯ ತೋಳಿಗೆ ಜೋತುಬಿದ್ದಳು.

"ಏನಜ್ಜಿ, ನನ್ನ ಹೆಸರಿನವಳನ್ನ ಸಾಯೋಕೂ ಬಿಡ್ಲಿಲ್ವಂತೆ ನೀನು. ಅಮ್ಮ ಎಲ್ಲಾ ಹೇಳಿದ್ಲು."

"ನಿಂಗೆ ಬೇಜಾರಾಗ್ಲಿಲ್ವೇನೇ?"

"ಯಾತಕ್ಕೆ? ಪುಸ್ತಕದವಳು ಮುಳುಗಿದ್ರೆ ನಂಗೆ ನೆಗಡಿ ಆಗುತ್ತಾ?"

ಸೊಸೆ ಅದು ತನಗೆ ಸಂಬಂಧವಿಲ್ಲವೆಂಬಂತೆ ಪೋಸ್ಟರ್ ನೋಡುತ್ತಿದ್ದಳು.

ಒಳಗೆ ಅತ್ತೆಯನ್ನು ನಡುವೆ ಕೂರಿಸಿದರು. ಸಿನಿಮಾ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಕಾವಲುಗಾರ ಮಾತ್ರ ಕಾವಲುಗಾರನಂತಿರದೆ ಮದುಮಗನಂತಿದ್ದ. ಹಿಂದಾಗಿದ್ದರೆ ಅತ್ತೆ ಸೊಸೆ ಇಬ್ಬರೂ ಪಿಸುಗುಟ್ಟಿ ಹುಳುಕು ತೆಗೆದು ಮುಂದಿನ ಸಾಲಿನವರಿಂದ ಬೈಸಿಕೊಳ್ಳುತ್ತಿದ್ದರು. ಈಗ ಸೊಸೆ ಮಡಿಲಲ್ಲಿ ಕೈ ಕಟ್ಟಿ ಕೂತಿದ್ದಳು.

ಕೊನೆಗೆ ಆ ಮೆಟ್ಟಿಲುಗಳು ಬಂದವು. ಹುಡುಗಿ ಇಳಿಯತೊಡಗಿದಳು. ನೀರಿನೊಳಗಿನಿಂದ ತಾಯಿಯ ದನಿ ಅವಳ ಹೆಸರು ಹಿಡಿದು ಕರೆಯಿತು, ಅತ್ತೆಯ ಮೊಮ್ಮಗಳ ಹೆಸರು. ಅತ್ತೆ ಕಣ್ಣು ಮುಚ್ಚಿಕೊಂಡಳು.

ಆಗ ಎಡಗಿವಿಯ ಹತ್ತಿರ ಬೆಚ್ಚಗೆ ಉಸಿರು ತಾಗಿತು.

"ಹುಡುಗಿ ತಟ್ಟನೆ ನಿಂತಳು" ಎಂದಳು ಸೊಸೆ, ಮೆಲುದನಿಯಲ್ಲಿ. "'ನನ್ನಮ್ಮ ಯಾವತ್ತೂ ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆದವಳಲ್ಲ' ಎಂದುಕೊಂಡಳು. ನೀರಿಗೆ ಬೆನ್ನು ತಿರುಗಿಸಿದಳು."

ಯಾವ ಪುಸ್ತಕದಲ್ಲೂ ಇಲ್ಲದ ಮಾತು ಅದು. ಹದಿನೆಂಟು ವರ್ಷದ ಹಿಂದೆ ಹಾಸಿಗೆಯ ಪಕ್ಕ ಕೂತು ಅತ್ತೆ ಕಟ್ಟಿದ್ದು. ಸೊಸೆ ಒಂದು ಪದವನ್ನೂ ಬಿಟ್ಟಿರಲಿಲ್ಲ; ಅತ್ತೆ ಎಲ್ಲಿ ಉಸಿರು ತೆಗೆದುಕೊಂಡಿದ್ದಳೋ ಅಲ್ಲೇ ತಾನೂ ತೆಗೆದುಕೊಂಡಳು.

ಬಲಗಡೆಯಿಂದ ಮೊಮ್ಮಗಳು ಬಾಗಿ ಬಂದಳು. "ಸ್ವಲ್ಪ ಜೋರಾಗಿ ಹೇಳಮ್ಮ. ನಂಗೆ ಕೇಳಿಸ್ತಿಲ್ಲ."

ಪರದೆಯ ಮೇಲೆ ನೀರು ಮುಚ್ಚಿಕೊಳ್ಳುತ್ತಿತ್ತು.

"ಒಂದು ಮೆಟ್ಟಿಲು ಹತ್ತಿದಳು" ಎಂದಳು ಸೊಸೆ. "ಎರಡು ಮೆಟ್ಟಿಲು ಹತ್ತಿದಳು."