ಕಟ್ಟಾಗದ ಫೋನು

“ಪ್ರೀಪೇಯ್ಡೇ ಇರ್ಲಿಯಾ, ಪೋಸ್ಟ್‌ಪೇಯ್ಡ್ ಮಾಡಿಕೊಡ್ಲಾ, ಬೇಗ ಹೇಳಿ ಅಮ್ಮಾ. ಪೋಸ್ಟ್‌ಪೇಯ್ಡ್ ಆದ್ರೆ ಮಾತು ಅರ್ಧಕ್ಕೆ ಕಟ್ಟಾಗೋ ಗೋಳೇ ಇಲ್ಲ. ಬಿಲ್ಲು ಸಂಬಳದಲ್ಲಿ ಹಿಡ್ಕೋತೀವಿ,” ಎಂದ ಥ್ಯೋಲೋ ಚಹಾ ತೋಟದ ಗುಮಾಸ್ತ ಚಿಕೋಪ.

“ಕಟ್ಟಾಗಲ್ವಾ? ಹಾಗಾದ್ರೆ ಅದೇ ಮಾಡಪ್ಪ!”

ತೋಟದ ಅತಿಥಿಗೃಹದಲ್ಲಿ ಅಡುಗೆ ಮಾಡುವ ಎನೆಲೇಸಿಗೆ ಹಿಗ್ಗೋ ಹಿಗ್ಗು. ಗಂಡ ತೀರಿಕೊಂಡ ಮೇಲೆ ಅವಳಿಗೆ ಸ್ವಂತದವಳು ಅಂತ ಉಳಿದದ್ದು ತಂಗಿ ಡೊರೊಫೆ ಒಬ್ಬಳೇ. ಅವಳೋ ದೂರದ ಮ್ಝೂಜು ಪಟ್ಟಣದಲ್ಲಿ. ಪ್ರತಿ ಭಾನುವಾರ ಕರೆನ್ಸಿ ಹಾಕಿಸಿ ಫೋನು ಮಾಡಿದರೆ, ಮಾತು ರಂಗೇರುವ ಹೊತ್ತಿಗೆ ಸರಿಯಾಗಿ ಖಾಲಿ. “ತಿರುಗಿ ಮಾಡೋಕೆ ಅವಳ ಹತ್ರ ಕರೆನ್ಸಿ ಎಲ್ಲಿರತ್ತೆ? ಪಾಪ, ‘ಅಕ್ಕಾ ಅಕ್ಕಾ’ ಅಂತ ಕೂಗ್ತಾ ಕೂತಿರ್ತಾಳೆ,” ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು.

ಆ ಭಾನುವಾರ ಚಹಾ ಮಾಡಿಕೊಂಡು, ಮಾವಿನ ಮರದಡಿ ಚಾಪೆ ಹಾಸಿಕೊಂಡೇ ಫೋನು ಮಾಡಿದಳು. ಪಾದ್ರಿಯ ಮೇಕೆ ಚರ್ಚಿಗೆ ನುಗ್ಗಿ ಪೀಠದ ಹೂವು ತಿಂದದ್ದನ್ನು ಹೇಳಿದಳು. ಡೊರೊಫೆ ಬಿದ್ದು ಬಿದ್ದು ನಕ್ಕಳು. ಎನೆಲೇಸಿ ಇನ್ನೊಂದು ಸುದ್ದಿ ಹೇಳಿದಳು. ತಂಗಿ “ಹೂಂ” ಎಂದಳು. ಮೂರನೆಯದಕ್ಕೆ ಅದೂ ಇಲ್ಲ, ಆ ಕಡೆಯಿಂದ ಬರೀ ಟಿವಿಯ ಸದ್ದು.

“ಕೇಳ್ತಿದೀಯೇನೇ?”

“ಹೂಂ ಅಕ್ಕಾ... ಅಲ್ಲ, ಇನ್ನೂ ಕಟ್ಟಾಗ್ಲಿಲ್ವಲ್ಲ?”

“ಇನ್ಮೇಲೆ ಕಟ್ಟಾಗಲ್ಲ ಕಣೇ! ಪೋಸ್ಟ್‌ಪೇಯ್ಡ್ ಮಾಡಿಸಿದೀನಿ!”

“ಓ,” ಎಂದಳು ಡೊರೊಫೆ. “ಒಲೆ ಮೇಲೆ ಮೀನಿದೆ ಅಕ್ಕಾ, ಸೀದುಹೋಗತ್ತೆ. ಫೋನಿಡ್ಲಾ?”

ಎನೆಲೇಸಿಯ ಚಹಾ ಇನ್ನೂ ಆರಿರಲಿಲ್ಲ. ಇಷ್ಟು ವರ್ಷ ಸುಮ್ಮನೆ ಕರೆನ್ಸಿಯನ್ನು ಬೈದುಕೊಂಡೆನಲ್ಲ ಎನಿಸಿ ಅವಳಿಗೆ ಅಳು ಬಂತು. ಮುಂದಿನ ಭಾನುವಾರ ಡೊರೊಫೆ ಫೋನನ್ನೇ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆಯೇ ಚಿಕೋಪನ ಮೇಜಿನ ಮುಂದೆ ನಿಂತಳು. “ಹಳೇ ಪ್ರೀಪೇಯ್ಡೇ ಮಾಡಿಕೊಟ್ಬಿಡಪ್ಪ.”

“ಯಾಕಮ್ಮಾ? ಮಾತು ಮಧ್ಯದಲ್ಲಿ ಕಟ್ಟಾಗ್ತಿದ್ಯಾ?”

“ಇಲ್ಲಪ್ಪ. ಕಟ್ಟೇ ಆಗ್ತಿಲ್ಲ.”

ಚಿಕೋಪ ಪಿಳಿಪಿಳಿ ಕಣ್ಣುಬಿಟ್ಟ.

ಆ ಭಾನುವಾರ ಎನೆಲೇಸಿ ಮೊದಲು ತಂಗಿಗೊಂದು ಮೆಸೇಜು ಕಳಿಸಿದಳು: ‘ಹಳೇ ಲೈನಿಗೇ ಬಂದೆ. ಚೂರೇ ಚೂರು ಕರೆನ್ಸಿ ಇದೆ.’ ಫೋನು ಮಾಡಿದರೆ ಡೊರೊಫೆ ಮೊದಲ ರಿಂಗಿಗೇ ಎತ್ತಿದಳು.

“ಬೇಗ ಹೇಳಕ್ಕಾ! ಆ ಮೇಕೆ ಮತ್ತೆ ಬಂದಿತ್ತಾ?”

“ಬರದೇ ಏನೇ! ಈ ಸಲ ಸೀದಾ ಪಾದ್ರಿ ನಿಲುವಂಗಿಗೇ ಬಾಯಿ ಹಾಕ್ತು!”

“ಅಯ್ಯಯ್ಯೋ! ಆಮೇಲೆ? ಆಮೇಲೆ ಏನಾ...”

ಕಟ್ಟಾಯಿತು. ಎನೆಲೇಸಿ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. “ಆಮೇಲೇನಾಯ್ತು ಗೊತ್ತಾ...” ಎಂದು ಚಾಪೆಯ ಮೇಲೆ ಕಾಲು ಚಾಚಿಕೊಂಡು, ನಗುವ ಕಡೆ ನಗುತ್ತ, ಕೊನೆಯವರೆಗೂ ಹೇಳಿ ಮುಗಿಸಿದಳು.